ನನ್ನ ಎಡಕ್ಕೆ ನಿಂತವನು

ಗೋಲ್‌ಕೀಪರ್ ಆದವನಿಗೆ ಮೊದಲು ಬಾಯಿ ದೊಡ್ಡದಿರಬೇಕು. ಕೈ ಆಮೇಲಿನ ಮಾತು. ಇಡೀ ಮೈದಾನವನ್ನು ಎದುರಿಗಿಟ್ಟುಕೊಂಡು ನೋಡುವವನು ಅವನೊಬ್ಬನೇ. ಉಳಿದವರಿಗೆ ಬೆನ್ನ ಹಿಂದೆ ಯಾರು ಬಂದರು, ಯಾರು ಹೋದರು ತಿಳಿಯುವುದಿಲ್ಲ. ಹಾಗಾಗಿ ಕೀಪರ್ ಕೂಗುತ್ತಲೇ ಇರಬೇಕು. ನಾನು ದೇಶದ ತುಂಬ ಅಲೆದು ಕಲಿತ ಭಾಷೆಗಳೆಲ್ಲ ಈ ಕೂಗಿಗೆ ಬೇಕಾದಷ್ಟೇ. ಕೇರಳದಲ್ಲಿ ‘ವಿಡ್’ ಎನ್ನುತ್ತಿದ್ದೆ, ಕೋಲ್ಕತ್ತದಲ್ಲಿ ‘ಛಾಡ್’, ಗೋವಾದಲ್ಲಿ ‘ಸೋಡ್’. ಎಲ್ಲಕ್ಕೂ ಅರ್ಥ ಒಂದೇ: ಬಿಡು, ಚೆಂಡು ನನ್ನದು. ಅದೇ ಊರುಗಳಲ್ಲಿ ಇನ್ನೊಂದು ಸ್ವಲ್ಪ ಅನ್ನ ಹಾಕಿ ಅನ್ನುವುದಕ್ಕೆ ಏನನ್ನಬೇಕು ಎಂದು ಕೇಳಿದರೆ ಈಗಲೂ ತಡವರಿಸುತ್ತೇನೆ.

ನಮ್ಮದು ವೈಟ್‌ಫೀಲ್ಡ್ ಪಕ್ಕದ ಹಳ್ಳಿ. ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಅಣ್ಣ ಬಾಡಿಗೆ ಮನೆಗಳನ್ನು ಬೆಳೆದ. ಒಂದರ ಮೇಲೊಂದು, ಚೆನ್ನಾಗಿಯೇ ಬೆಳೆದವು. ನಾನು ರೈಲ್ವೆ ಸ್ಟೇಷನ್ನಿನ ಆಚೆಗಿದ್ದ ಹಳೇ ಕಾಲನಿಯ ಮೈದಾನದಲ್ಲಿ, ಆಂಗ್ಲೋ ಇಂಡಿಯನ್ ಮುದುಕರಿಂದ ಬೈಸಿಕೊಳ್ಳುತ್ತ ಫುಟ್‌ಬಾಲ್ ಕಲಿತೆ. ಓಡುವುದೆಂದರೆ ನನಗೆ ಮೊದಲಿಂದ ಆಗದು. ಉದ್ದಕ್ಕಿದ್ದೆ, ಕೈಗಳು ಮೊಣಕಾಲು ಮುಟ್ಟುವಂತಿದ್ದವು, ಗೋಲಿನಲ್ಲಿ ನಿಲ್ಲಿಸಿಬಿಟ್ಟರು. ಅಲ್ಲಿಂದ ಹೊರಟವನು ಊರಿಗೆ ಬರುತ್ತಿದ್ದದ್ದು ನೆಂಟನ ಹಾಗೆ. ಬಂದಾಗಲೆಲ್ಲ ಅಣ್ಣ ಒಂದೇ ಮಾತು ಕೇಳುತ್ತಿದ್ದ. “ಇಂಗೆ ಚೆಂಡಿಡ್ಕೊಂಡು ಎಷ್ಟು ದಿನ ಅಂತ ಊರೂರು ಸುತ್ತೀಯೋ? ಒಂದ್ಕಡೆ ನಿಲ್ಲು.” ನಾನು ನಿಂತುಕೊಂಡೇ ದುಡಿಯುವವನು ಎಂದು ನಗಿಸಲು ನೋಡುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಊರೂರು ಸುತ್ತಿದ ಆಟಗಾರ ಎಂದರೆ ಕೇಳುವವರಿಗೆ ದೊಡ್ಡದಾಗಿ ಕಾಣುತ್ತದೆ. ನಿಜ ಏನೆಂದರೆ ಒಳ್ಳೆಯ ಕೀಪರನ್ನು ಯಾವ ಕ್ಲಬ್ಬೂ ಬಿಟ್ಟುಕೊಡುವುದಿಲ್ಲ. ಊರೂರು ಸುತ್ತುವವನು ಎರಡನೆಯ ಕೀಪರ್. ಮೊದಲನೆಯವನ ಕಾಲು ಉಳುಕಿದೆ ಎಂದು ಸುದ್ದಿ ಬಂದರೆ ಹೊರಡಬೇಕು, ಅವನು ಚೇತರಿಸಿಕೊಂಡ ಎಂದರೆ ಪೆಟ್ಟಿಗೆ ಕಟ್ಟಬೇಕು. ಕೇರಳದಲ್ಲಿ ಏಳೇಳು ಜನರ ಪಂದ್ಯಗಳನ್ನು ಆಡಿದೆ. ಗೋಲಿನ ಹಿಂದೆಯೇ ಅಡಿಕೆ ಮರದ ಗ್ಯಾಲರಿ ಕಟ್ಟಿರುತ್ತಾರೆ, ಅಲ್ಲಿ ಕೂತವರು ಕಡಲೆಕಾಯಿ ಸಿಪ್ಪೆ ನನ್ನ ತಲೆಯ ಮೇಲೆ ಎಸೆದುಕೊಂಡೇ ಆಟ ನೋಡುತ್ತಿದ್ದರು. ಕೋಲ್ಕತ್ತದಲ್ಲಿ ಒಂದು ಕೆಳದರ್ಜೆಯ ಕ್ಲಬ್ಬಿನ ಮೆಸ್ಸಿನಲ್ಲಿ ಮೀನಿನ ಸಾರು ತಿಂದು, ಬೆಂಚಿನ ಮೇಲೆ ಕೂತು ಎದ್ದೆ. ಗೋವಾದಲ್ಲೂ ಬೆಂಚೇ, ಆದರೆ ಗಾಳಿ ಚೆನ್ನಾಗಿತ್ತು. ಮುಂಬೈಯಲ್ಲಿ ಒಂದು ಆಫೀಸಿನ ತಂಡ ಕೆಲಸ ಕೊಡುತ್ತೇನೆಂದು ಎರಡು ಸೀಸನ್ ಆಡಿಸಿ, ತಂಡವನ್ನೇ ಮುಚ್ಚಿತು. ಹೀಗೆ ಮೂವತ್ತು ದಾಟಿತು. ಮದುವೆಯ ಮಾತೆತ್ತಿದವರು ಒಬ್ಬೊಬ್ಬರಾಗಿ ಸುಮ್ಮನಾದರು.

ಆಗ ಸಿಕ್ಕಿದ್ದು ಪೀಣ್ಯದ ಫ್ಯಾಕ್ಟರಿ. ನೀರೆತ್ತುವ ಪಂಪು ತಯಾರಿಸುವ ಕಂಪನಿ, ಮಾಲೀಕರಿಗೆ ಫುಟ್‌ಬಾಲಿನ ಹುಚ್ಚು, ನಗರದ ಲೀಗಿನಲ್ಲಿ ಅವರದೊಂದು ತಂಡ. ಆಟಗಾರರು ಮಧ್ಯಾಹ್ನದ ಊಟದವರೆಗೆ ಶೆಡ್ಡಿನಲ್ಲಿ ಕೆಲಸ ಮಾಡಬೇಕು, ಆಮೇಲೆ ಮೈದಾನಕ್ಕೆ ಹೋಗಬಹುದು. ತಂಡದ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಕಂಪನಿಯ ಪರ್ಸನೆಲ್ ಆಫೀಸರ್, ನಾವೆಲ್ಲ ಮ್ಯಾನೇಜರ್ ಸಾರ್ ಅನ್ನುತ್ತಿದ್ದವರು. ಮೊದಲ ದಿನವೇ ಅವರು ಹೇಳಿದರು: “ನೀನು ಸುತ್ತಿದ್ದು ಸಾಕು. ಇಲ್ಲಿ ಮೂರು ಸೀಸನ್ ಗೋಲ್ ಕಾಯಿ, ಪರ್ಮನೆಂಟ್ ಮಾಡಿಸ್ತೀನಿ.” ಪರ್ಮನೆಂಟ್ ಎಂಬ ಆ ಪದಕ್ಕೆ ನಾನು ಕೋಲ್ಕತ್ತವನ್ನೂ ಗೋವಾವನ್ನೂ ಒಟ್ಟಿಗೆ ಕೊಟ್ಟುಬಿಡಲು ತಯಾರಿದ್ದೆ. ಮೊದಲನೆಯ ಕೀಪರ್ ನಾನೇ ಆಗಿದ್ದದ್ದೂ ಅಲ್ಲೇ. ಬೆಂಚಿನ ಮೇಲೆ ಕೂತು ಸವೆದವನಿಗೆ ಅದೂ ಸಣ್ಣ ಸಂಗತಿಯಲ್ಲ.

ತಂಡದ ಸ್ಟಾಪರ್ ಬೆಳಗಾವಿಯವನು. ಗೋಲಿನ ಮುಂದೆ ನಡುಮಧ್ಯ ನಿಂತು ಬಂದವರನ್ನು ತಡೆಯುವ ಆಟಗಾರನಿಗೆ ನಮ್ಮಲ್ಲಿ ಸ್ಟಾಪರ್ ಅನ್ನುತ್ತಾರೆ. ಅವನಿಗಾಗ ಇಪ್ಪತ್ನಾಲ್ಕೋ ಇಪ್ಪತ್ತೈದೋ. ಕುಳ್ಳ ಅನ್ನಿಸುವಷ್ಟು ಗಿಡ್ಡ, ಆದರೆ ತಲೆಯೆತ್ತರದ ಚೆಂಡಿಗೆ ನೆಗೆದರೆ ಎತ್ತರದವರೆಲ್ಲ ಕೆಳಗುಳಿಯುತ್ತಿದ್ದರು. ನಾಗಸಂದ್ರದಲ್ಲಿ ಒಂದು ರೂಮನ್ನು ಇಬ್ಬರೂ ಹಂಚಿಕೊಂಡೆವು. ಅಡುಗೆ ಅವನದು, ಪಾತ್ರೆ ನನ್ನದು. ರೊಟ್ಟಿ ಬಡಿಯುವಾಗ ಅವನು ಎಬ್ಬಿಸುತ್ತಿದ್ದ ಸದ್ದಿಗೆ ಕೆಳಗಿನ ಮನೆಯ ಓನರ್ ಆಂಟಿ ಪೊರಕೆಯ ಹಿಡಿಯಿಂದ ತಾರಸಿಗೆ ಕುಟ್ಟುತ್ತಿದ್ದರು. ಅವನು ನನ್ನನ್ನು ಅಣ್ಣಾ ಅನ್ನುತ್ತಿದ್ದ, ಆದರೆ ಮೈದಾನದಲ್ಲಿ ನಾನು ಕೂಗಿದ್ದು ಸರಿಯಿಲ್ಲದಿದ್ದರೆ ಮುಲಾಜಿಲ್ಲದೆ ಬೈಯುತ್ತಿದ್ದ. ಇಷ್ಟು ಊರು ಸುತ್ತಿದ ಮೇಲೆ ನನಗೆ ಸಿಕ್ಕ ಒಬ್ಬ ಸ್ವಂತ ಮನುಷ್ಯ ಅವನು.

ನನಗೆ ಕೊಟ್ಟಿದ್ದ ಕೆಲಸ ಗ್ರೈಂಡಿಂಗ್ ವಿಭಾಗದಲ್ಲಿ. ಎರಕ ಹೊಯ್ದು ಬಂದ ಪಂಪಿನ ಮೈಯಲ್ಲಿ ಚೂಪಾಗಿ ಉಳಿದ ಅಂಚುಗಳನ್ನು ಕೈಮಷಿನ್ನಿನಿಂದ ಉಜ್ಜಿ ತೆಗೆಯಬೇಕು. ಕಿಡಿ ಹಾರುತ್ತಲೇ ಇರುತ್ತದೆ. ಕನ್ನಡಕ ಕೊಟ್ಟಿದ್ದರು, ಆದರೆ ಗಾಜಿಗೆ ಗೀರು ಬಿದ್ದು ಬಿದ್ದು ಅದರೊಳಗಿಂದ ಏನೂ ಕಾಣುತ್ತಿರಲಿಲ್ಲ, ಮೊಳೆಗೆ ತೂಗುಹಾಕಿ ಕೆಲಸ ಮಾಡುತ್ತಿದ್ದೆವು. ಆ ವಿಭಾಗದಲ್ಲಿ ಯಾರ ಕಣ್ಣಿಗೆ ಚೂರು ಬಿದ್ದರೂ ಡಾಕ್ಟರ ಹತ್ತಿರ ಹೋಗುವ ಪದ್ಧತಿ ಇರಲಿಲ್ಲ. ಲೇತ್ ಮಷಿನ್ನಿನ ಒಬ್ಬ ಹಿರಿಯ ಆಪರೇಟರ್ ಇದ್ದರು. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನಿಲ್ಲಿಸಿ, ರೆಪ್ಪೆ ಮಗುಚಿ, ಬೆಂಕಿಕಡ್ಡಿಯ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು ಒಂದೇ ಸಲಕ್ಕೆ ತೆಗೆದುಬಿಡುತ್ತಿದ್ದರು. ಪೀಣ್ಯದ ಯಾವ ಶೆಡ್ಡಿಗೆ ಹೋದರೂ ಹೀಗೆ ಒಬ್ಬರು ಇದ್ದೇ ಇರುತ್ತಿದ್ದರು. ಅವರ ಮುಂದೆ ಸಾಲು ನಿಲ್ಲುತ್ತಿತ್ತು, ಅವರೂ ಬೇಸರಪಡುತ್ತಿರಲಿಲ್ಲ. ನನ್ನ ಕಣ್ಣಿಂದಲೂ ಎಷ್ಟೋ ಸಲ ತೆಗೆದಿದ್ದರು.

ಎರಡನೆಯ ಸೀಸನ್ ಶುರುವಾಗುವ ವಾರ ಎಡಗಣ್ಣಿಗೆ ಬಿದ್ದ ಚೂರು ಹಾಗೆ ಸಲೀಸಾಗಿ ಬರಲಿಲ್ಲ. ಕಪ್ಪುಗುಡ್ಡೆಗೇ ಕಚ್ಚಿಕೊಂಡಿತ್ತು. ಅವರು ಮತ್ತೆ ಮತ್ತೆ ಕೆರೆದರು. “ಸ್ವಲ್ಪ ಉಳ್ಕೊಂಡಿರ್ಬೋದು, ತಾನೇ ಬರುತ್ತೆ ಬಿಡು” ಎಂದರು. ಭಾನುವಾರ ಮೊದಲ ಪಂದ್ಯವಿತ್ತು. ಆಸ್ಪತ್ರೆಗೆ ಹೋದರೆ ರಜೆಯ ಚೀಟಿ ಮ್ಯಾನೇಜರ್ ಮೇಜಿಗೆ ಬರುತ್ತದೆ, ಇನ್ನೊಬ್ಬ ಕೀಪರ್ ಕೈಗವಸು ಹಾಕಿಕೊಂಡು ನಿಲ್ಲುತ್ತಾನೆ. ಆ ಜಾಗದಲ್ಲಿ ಒಮ್ಮೆ ಇನ್ನೊಬ್ಬ ನಿಂತರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಾನು ಊರೂರು ತಿಂದ ಅನ್ನವೆಲ್ಲ ಹಾಗೆ ಇನ್ನೊಬ್ಬರು ಖಾಲಿ ಮಾಡಿದ ಜಾಗದಿಂದಲೇ ಬಂದದ್ದು. ಕಣ್ಣು ಕೆಂಡದಂತೆ ಉರಿಯುತ್ತಿದ್ದರೂ ಆಡಿದೆ. ಗೆದ್ದೆವು. ಅದರ ಮಾರನೆಯ ವಾರ ಕಣ್ಣು ತೆರೆಯುವುದಕ್ಕೇ ಆಗದಾಗ ಕಣ್ಣಾಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದವರು ನನ್ನ ಹತ್ತಿರ ಮಾತಾಡಲಿಲ್ಲ, ಜೊತೆಗೆ ಬಂದಿದ್ದ ಸ್ಟಾಪರ್ ಹತ್ತಿರ ಮಾತಾಡಿದರು. ಹುಣ್ಣಾಗಿದೆ, ವಾಸಿಯಾಗುತ್ತದೆ, ಆದರೆ ಕಲೆ ಉಳಿಯುತ್ತದೆ ಎಂದರು.

ಹುಣ್ಣು ವಾಸಿಯಾಯಿತು. ಕಣ್ಣಿನಲ್ಲಿ ಹೂ ಬಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಕಪ್ಪುಗುಡ್ಡೆಯ ನಡುವೆ ಮಜ್ಜಿಗೆಯ ಹನಿಯಂಥದೊಂದು ಬಿಳುಪು. ಆ ಕಣ್ಣಿಗೆ ಬೆಳಕು ಇದೆ, ಇಲ್ಲ ಎನ್ನುವುದಷ್ಟೇ ತಿಳಿಯುತ್ತಿತ್ತು. ಕೇಳಿದವರಿಗೆಲ್ಲ “ಬರೀ ಕಲೆ, ಚೆನ್ನಾಗಿ ಕಾಣತ್ತೆ” ಎಂದೆ. ಕಾರಣ ಕೇಳದೆಯೇ ಒಪ್ಪಿಕೊಂಡರು. ಸ್ಟಾಪರ್ ಹತ್ತಿರವೂ ಹಾಗೇ ಹೇಳಿದೆ. ಡಾಕ್ಟರಮ್ಮ ಅವನಿಗೆ ಹೇಳಿದ್ದು ಎಷ್ಟು, ಅವನಿಗೆ ಅರ್ಥವಾದದ್ದು ಎಷ್ಟು ಎಂದು ನಾನು ಕೆದಕಲಿಲ್ಲ.

ಒಂದು ಕಣ್ಣಿನಲ್ಲಿ ಜಗತ್ತು ಕಾಣುವುದು ಕಡಿಮೆಯೇನೂ ಆಗುವುದಿಲ್ಲ. ಯಾವುದು ಎಷ್ಟು ದೂರ ಎಂಬುದು ಮಾತ್ರ ಹೊರಟುಹೋಗುತ್ತದೆ. ಚಹಾವನ್ನು ಲೋಟದ ಪಕ್ಕಕ್ಕೆ ಸುರಿದೆ. ಬಸ್ಸಿನ ಕಂಬಿ ಹಿಡಿಯಲು ಹೋಗಿ ಗಾಳಿ ಹಿಡಿದೆ. ಮೇಲಿನಿಂದ ಬರುವ ಚೆಂಡು ಬರುತ್ತಾ ಬರುತ್ತಾ ದೊಡ್ಡದಾಗಬೇಕಲ್ಲ, ಆಗುತ್ತಲೇ ಇರಲಿಲ್ಲ. ಇದ್ದಕ್ಕಿದ್ದಂತೆ ಮೂಗಿನ ಮುಂದೆ ಇರುತ್ತಿತ್ತು. ಪ್ರಾಕ್ಟೀಸಿನಲ್ಲಿ ಬಿಟ್ಟ ಚೆಂಡುಗಳಿಗೆಲ್ಲ ಬಿಸಿಲಿನ ಮೇಲೆ ತಪ್ಪು ಹೊರಿಸಿದೆ. ಪಾಪ, ಪೀಣ್ಯದಲ್ಲಿ ಆ ತಿಂಗಳು ಸರಿಯಾಗಿ ಬಿಸಿಲೂ ಇರಲಿಲ್ಲ.

ಒಂದು ಸಂಜೆ ಅವನು ರೂಮಿನಲ್ಲಿ ಪಲ್ಯಕ್ಕೆ ಹೆಚ್ಚುತ್ತಿದ್ದ. “ಅಣ್ಣಾ, ಇದನ್ನ ಸುಲದ ಕೊಡು” ಎಂದು ಒಂದು ಈರುಳ್ಳಿ ಎಸೆದ. ಅದು ನೇರ ಬಂದು ನನ್ನ ಕೆನ್ನೆಗೆ ಬಡಿಯಿತು. ಇಬ್ಬರೂ ನಕ್ಕೆವು. ಈರುಳ್ಳಿ ಹಿಡಿಯಲಾಗದ ಗೋಲ್‌ಕೀಪರ್ ಅಂದರೆ ನಗದೆ ಇನ್ನೇನು. ಆಮೇಲೆ ಅವನು ನಗು ನಿಲ್ಲಿಸಿ ಇನ್ನೊಂದನ್ನು ಕೈಗೆತ್ತಿಕೊಂಡ, ಮಗುವಿಗೆ ಎಸೆಯುವಷ್ಟು ನಿಧಾನವಾಗಿ ಎಸೆದ. ಅದೂ ಹೋಯಿತು. ಮೂರನೆಯದನ್ನು ಬಲಗಡೆಯಿಂದ ಎಸೆದ. ಹಿಡಿದೆ. ಅವನು ಚಾಕು ಕೆಳಗಿಟ್ಟು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಎಡಗಣ್ಣ ಪೂರಾ ಹೋಗೇತೇನ?”

“ಹೂಂ ಕಣೋ.”

“ಬಲಗಣ್ಣ?”

“ಅದು ಚೆನ್ನಾಗೇ ಇದೆ.”

“ಮತ್ತ್ಯಾಕ ಅಳ್ತಿ? ಒಂದ ಐತಲ್ಲ. ಇನ್ನೊಂದ ನಾ ಆಗ್ತೇನಿ.”

ನಾನು ಅಳುತ್ತಿದ್ದೇನೆಂದು ಅವನು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಈರುಳ್ಳಿಯಿಂದ ಎಂದು ಹೇಳಬಹುದಿತ್ತು, ಹೇಳಲಿಲ್ಲ.

ಮರುದಿನದಿಂದ ಫ್ಯಾಕ್ಟರಿಯ ಹಿಂದಿನ ಬಯಲಿನಲ್ಲಿ ನಾವಿಬ್ಬರೇ ಮೊದಲು ಬಂದು ಅಭ್ಯಾಸ ಮಾಡತೊಡಗಿದೆವು. ತನ್ನ ಮೂರು ಮಾತಿಗೆ ಅವನು ನನ್ನ ಮೈಯನ್ನು ಪಳಗಿಸಿದ. ‘ಬಾ’ ಅಂದರೆ ಗೋಲು ಬಿಟ್ಟು ಮುಂದೆ ನುಗ್ಗಬೇಕು. ‘ನಿಂದ್ರ’ ಅಂದರೆ ಗೆರೆಯ ಮೇಲೆಯೇ ಇರಬೇಕು. ‘ಬಡಿ’ ಅಂದರೆ ಹಿಡಿಯುವ ಆಸೆ ಬಿಟ್ಟು ಮುಷ್ಟಿಯಿಂದ ಗುದ್ದಬೇಕು. ಅದರ ಮೇಲೆ ಅವನು ತನ್ನ ಜಾಗವನ್ನೇ ಬದಲಿಸಿಕೊಂಡ. ನಡುಮಧ್ಯದಲ್ಲಿ ನಿಲ್ಲಬೇಕಾದವನು ಒಂದಿಷ್ಟು ಎಡಕ್ಕೆ ಸರಿದು ನಿಂತ, ನನಗೆ ಕಾಣದ ಕಡೆಯಿಂದ ಬರುವುದನ್ನೆಲ್ಲ ತಾನೇ ತೆಗೆದುಕೊಳ್ಳಲು. ಬಲಕ್ಕೆ ಬರುವುದು ನನ್ನ ಪಾಲು. ಐದಾರು ಊರುಗಳಲ್ಲಿ ಕೂಗಿ ಕೂಗಿ ಎಲ್ಲರನ್ನೂ ಆಡಿಸಿದವನು, ಈಗ ಬಾಯಿ ಮುಚ್ಚಿಕೊಂಡು ನನಗಿಂತ ಚಿಕ್ಕವನೊಬ್ಬ ಹೇಳಿದ ಹಾಗೆ ಕುಣಿಯುವುದಾಯಿತು. ಮೊದಮೊದಲು ಅವಮಾನ ಅನ್ನಿಸುತ್ತಿತ್ತು. ಆಮೇಲೆ ಅವನ ದನಿ ಬಾರದಿದ್ದರೆ ಕೈಕಾಲು ಅಲ್ಲಾಡುತ್ತಿರಲಿಲ್ಲ.

ಆ ಸೀಸನ್ ಚೆನ್ನಾಗಿ ಹೋಯಿತು. ಅದರ ಮುಂದಿನದರ ಅರ್ಧವೂ. ಒಂದು ಪಂದ್ಯದಲ್ಲಿ ಎಡಗಡೆಯ ಕಾರ್ನರಿನಿಂದ ಬಂದ ಚೆಂಡನ್ನು ನಾನು ನೋಡಲೇ ಇಲ್ಲ, ‘ಬಡಿ’ ಅಂತ ಕೇಳಿಸಿತು, ಬಡಿದೆ, ಚೆಂಡು ಮೈದಾನದ ಅರ್ಧಕ್ಕೆ ಹೋಗಿ ಬಿತ್ತು. ನೋಡುತ್ತಿದ್ದವರು ಎದ್ದು ಚಪ್ಪಾಳೆ ತಟ್ಟಿದರು. ಮಾಲೀಕರು ಬಂದು ಬೆನ್ನು ತಟ್ಟಿ, ಅನುಭವ ಅಂದರೆ ಇದು ನೋಡಿ ಎಂದು ಪಕ್ಕದವರಿಗೆ ತೋರಿಸಿದರು. ಸ್ಟಾಪರ್ ಆಚೆ ನಿಂತು ಬೂಟಿನ ಮಣ್ಣು ಕೆರೆದುಕೊಳ್ಳುತ್ತಿದ್ದ. ಅವನನ್ನು ಯಾರೂ ತಟ್ಟಲಿಲ್ಲ. ಆ ಸೀಸನ್ ಮುಗಿದರೆ ನನ್ನ ಮೂರು ಸೀಸನ್ ತುಂಬುತ್ತಿತ್ತು. ಪರ್ಮನೆಂಟ್ ಆದ ಮೇಲೆ ನಾನು ಗೋಲಿನಲ್ಲಿ ಇರಲಿ ಬಿಡಲಿ, ಕೆಲಸ ಇರುತ್ತದೆ. ಅಲ್ಲಿಯವರೆಗೆ ಯಾರಿಗೂ ತಿಳಿಯದಂತೆ ದಾಟಿಬಿಡಬೇಕು. ನಮ್ಮಿಬ್ಬರ ಲೆಕ್ಕ ಅಷ್ಟೇ ಆಗಿತ್ತು.

ಹೀಗಿರುವಾಗ ಒಂದು ಪಂದ್ಯಕ್ಕೆ ಗೋವಾದ ಒಬ್ಬರು ಬಂದರು. ನಾನು ಅಲ್ಲಿ ಬೆಂಚು ಕಾಯುತ್ತಿದ್ದಾಗ ಅದೇ ಕ್ಲಬ್ಬಿನಲ್ಲಿದ್ದವರು, ಈಗ ಆಟಗಾರರನ್ನು ಹುಡುಕಿ ತರುವ ಕೆಲಸ ಮಾಡುತ್ತಿದ್ದರು. ಪಂದ್ಯ ಮುಗಿದ ಮೇಲೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ, ಹರಕು ಹಿಂದಿಯಲ್ಲಿ ಹೇಳಿದರು. ನಿನ್ನ ಗೆಳೆಯನಿಗೆ ಸ್ವಲ್ಪ ಬುದ್ಧಿ ಹೇಳು. ಹೋದ ವರ್ಷ ಕರೆದೆವು, ಬರಲ್ಲ ಅಂದ. ಈ ವರ್ಷವೂ ಕರೆದೆವು, ಬರಲ್ಲ ಅಂತಾನೆ. ದೇಶದ ದೊಡ್ಡ ಲೀಗಿನಲ್ಲಿ ಆಡುವ ಕ್ಲಬ್ಬಿಗೆ ಬರಲ್ಲ ಅಂದವನನ್ನು ನಾನು ಇದುವರೆಗೆ ನೋಡಿಲ್ಲ. ಮೂರನೆಯ ಸಲ ನಾವು ಕರೆಯುವುದಿಲ್ಲ, ಈ ತಿಂಗಳೊಳಗೆ ಹೇಳಬೇಕು. ನನ್ನ ಕೈಯಲ್ಲಿದ್ದ ಟೀ ಆರಿಹೋಯಿತು. ಅವನು ನನಗೆ ಒಂದು ಮಾತೂ ಹೇಳಿರಲಿಲ್ಲ.

ರೂಮಿಗೆ ಹೋಗಿ ಕೇಳಿದೆ. ಅವನು ಹಿಟ್ಟು ನಾದುತ್ತಲೇ ಇದ್ದ.

“ಅಲ್ಲಿ ದಿನಾ ಮೀನ ತಿನಬೇಕಣ್ಣಾ. ನನಗ ವಾಸನಿ ಆಗೂದಿಲ್ಲ.”

“ತಮಾಷೆ ಬೇಡ.”

“ತಮಾಷಿ ಅಲ್ಲ, ಖರೇನ.”

“ನನ್ನಿಂದಾಗಿ ತಾನೇ?”

“ಎಲ್ಲಾ ನಿನ್ನಿಂದನ ಆಗಬೇಕೇನ? ಊಟಾ ಮಾಡು.”

ನನಗೆ ಸಿಟ್ಟು ಬಂತು. ಉಪಕಾರ ಮಾಡಿಸಿಕೊಳ್ಳುವವನಿಗೆ ಬರುವ ಸಿಟ್ಟು ಬೇರೆ ಥರದ್ದು, ಅದನ್ನು ಎಲ್ಲಿ ಹಾಕಬೇಕೋ ತಿಳಿಯುವುದಿಲ್ಲ. ಊಟ ಮಾಡದೆ ಮಲಗಿದೆ. ಮರುದಿನ ಬೆಳಗ್ಗೆ ಗ್ರೈಂಡಿಂಗ್ ಮಷಿನ್ ಕೆಳಗಿಟ್ಟು ನೇರ ಮ್ಯಾನೇಜರ್ ಸಾರ್ ರೂಮಿಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ನನಗೆ ಒಂದು ಕಣ್ಣು ಕಾಣುವುದಿಲ್ಲ, ನಿಮ್ಮ ಹತ್ತಿರ ಮುಚ್ಚಿಟ್ಟಿದ್ದೆ, ಇನ್ನು ಗೋಲಿನಲ್ಲಿ ನಿಲ್ಲುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ. ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ನಡುವೆ ತಡೆಯಲಿಲ್ಲ. ಎದುರಿನ ಕುರ್ಚಿ ತೋರಿಸಿ, ಇಬ್ಬರಿಗೂ ಟೀ ತರಿಸಿದರು.

“ಗೊತ್ತು” ಎಂದರು.

“ಏನ್ ಗೊತ್ತು ಸಾರ್?”

“ನಿನ್ ಕಣ್ಣಲ್ಲಿ ಹೂ ಬಿದ್ದಿರೋದು ಕ್ಯಾಂಟೀನಲ್ಲಿ ಪಾತ್ರೆ ತೊಳೆಯೋ ಅಮ್ಮಂಗೂ ಕಾಣತ್ತೆ. ನಂಗೆ ಕಾಣಲ್ವಾ?”

“ಮತ್ತೆ ಯಾಕೆ ಆಡಿಸಿದ್ರಿ?”

ಅವರು ಟೀ ಕುಡಿದು ಮುಗಿಸಿದರು. ಅವರ ಮುಖದಲ್ಲಿ ದುಷ್ಟತನ ಏನೂ ಇರಲಿಲ್ಲ. ಶಿಫ್ಟು ಬದಲಾಯಿಸುವ ವಿಷಯ ಮಾತಾಡುವಾಗಲೂ ಅವರು ಹಾಗೇ ಕೂರುತ್ತಿದ್ದರು.

“ನೋಡು, ಬೇಜಾರ್ ಮಾಡ್ಕೋಬೇಡ. ಕೀಪರ್‌ಗಳು ಎಷ್ಟ್ ಜನ ಬೇಕಾದ್ರೂ ಸಿಗ್ತಾರೆ. ಅಂಥಾ ಸ್ಟಾಪರ್ ಸಿಗಲ್ಲ. ಗೋವಾದವ್ರು ಅವ್ನ ಹಿಂದೆ ಬಿದ್ದಿರೋದು ನಂಗೆ ಹೋದ್ ವರ್ಷಾನೇ ಗೊತ್ತಿತ್ತು. ನೀನು ಗೋಲಲ್ಲಿ ಇರೋವರ್ಗೂ ಅವ್ನು ಹೋಗಲ್ಲ. ಅದಕ್ಕೇ ನಿನ್ನ ಇಟ್ಕೊಂಡಿದೀನಿ. ಇದ್ರಲ್ಲಿ ಮೋಸ ಏನ್ ಬಂತು? ನಿಂಗೂ ಅನ್ನ, ಅವ್ನಿಗೂ ಅನ್ನ, ತಂಡಕ್ಕೂ ಒಳ್ಳೇದು. ಈ ಸೀಸನ್ ಆದ್ಮೇಲೆ ಇಬ್ರಿಗೂ ಪರ್ಮನೆಂಟ್ ಮಾಡಿಸ್ತೀನಿ. ಸುಮ್ನೆ ಹೋಗಿ ಪ್ರಾಕ್ಟೀಸ್ ಮಾಡು.”

ನಾನು ಕೇರಳದಲ್ಲಿ ತಲೆ ಮೇಲೆ ಸಿಪ್ಪೆ ಹಾಕಿಸಿಕೊಂಡಿದ್ದೇನೆ. ಕೋಲ್ಕತ್ತದಲ್ಲಿ ಸೋತ ದಿನ ಜನ ನಮ್ಮ ಬಸ್ಸಿಗೆ ಚಪ್ಪಲಿ ಎಸೆದದ್ದನ್ನು ಕಂಡಿದ್ದೇನೆ. ಯಾವುದೂ ಇಷ್ಟು ತಾಗಿರಲಿಲ್ಲ. ಮೊದಲನೆಯ ಕೀಪರ್ ಆದೆ ಎಂದು ನಾನು ಎದೆಯುಬ್ಬಿಸಿ ನಿಂತಿದ್ದೆನಲ್ಲ, ಅವರು ನನ್ನನ್ನು ನಿಲ್ಲಿಸಿದ್ದು ಎಮ್ಮೆ ಕಟ್ಟುವ ಗೂಟವನ್ನು ನೆಟ್ಟ ಹಾಗೆ. ಎಮ್ಮೆ ಅವನು. ಆದರೂ ಸತ್ಯ ಹೇಳುತ್ತೇನೆ, ಆ ಕುರ್ಚಿಯಿಂದ ಏಳಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಪರ್ಮನೆಂಟ್ ಎಂಬ ಪದ ಅಲ್ಲೇ ಮೇಜಿನ ಮೇಲೆ ಇತ್ತು. ಸುಮ್ಮನೆ ಎದ್ದು ಹೋಗಿ ಪ್ರಾಕ್ಟೀಸ್ ಮಾಡಿದ್ದರೆ ಸಿಕ್ಕುತ್ತಲೂ ಇತ್ತು. ಎದ್ದು ನಿಂತು, ಇವತ್ತಿಂದ ಬರಲ್ಲ ಸಾರ್, ಶೆಡ್ಡಿಗೂ ಬರಲ್ಲ, ಮೈದಾನಕ್ಕೂ ಬರಲ್ಲ ಎಂದೆ. ಅವರು “ಯೋಚ್ನೆ ಮಾಡು” ಎಂದು ಫೋನೆತ್ತಿಕೊಂಡರು.

ಸ್ಟಾಪರ್‌ಗೆ ವಿಷಯ ಹೇಳಿದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಮ್ಯಾನೇಜರ್ ನನಗ ಹೋದ ವರ್ಷನ ಹೇಳಿದ್ರು. ನೀ ಹೋದ್ರ ಮರುದಿನಾ ಅವನ್ನ ಹೊರಗ ಹಾಕ್ತೀವಿ ಅಂತ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರ ನೀ ಹಿಂಗ ಮಾಡ್ತಿದ್ದಿ. ಈಗ ಮಾಡ್ದಿ ನೋಡು. ಇನ್ನ ನಾಕ ತಿಂಗಳ ಇತ್ತಲ್ಲೋ ಅಣ್ಣಾ, ನಾಕ ತಿಂಗಳ ಸುಮ್ಮನ ಇರಾಕ ಆಗಲಿಲ್ಲೇನ ನಿನಗ?”

ಅವನು ನನ್ನ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಮೈದಾನದ ಹೊರಗೆ ಅದೇ ಮೊದಲು. ನಾನೂ ಕೂಗಿದೆ. ನಿನ್ನ ಭಿಕ್ಷೆ ಬೇಡ ಎಂದೆ. ಭಿಕ್ಷೆ ಅಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಓನರ್ ಆಂಟಿ ಕೆಳಗಿನಿಂದ ಕುಟ್ಟಿದರು. ಅವನು ಮೂಲೆಯಲ್ಲಿ ಕೂತು ತಲೆ ಹಿಡಿದುಕೊಂಡ. ನಾನು ಗೋವಾದವರಿಗೆ ಫೋನ್ ಮಾಡಿ, ಬರುತ್ತಾನೆ ಎಂದು ಹೇಳಿ, ಫೋನನ್ನು ಅವನ ಕೈಗೆ ಕೊಟ್ಟೆ. ಆ ವಾರವೇ ಅವನನ್ನು ಬಸ್ಸು ಹತ್ತಿಸಿ ಬಂದೆ. ಖಾಲಿ ರೂಮಿಗೆ ವಾಪಸ್ ಬಂದಾಗ, ನಿಜಕ್ಕೂ, ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಸಮಾಧಾನವಿತ್ತು. ನನ್ನದು ಮುಗಿದರೆ ಮುಗಿಯಿತು, ಅವನಾದರೂ ಬೆಂಚಿನ ಮೇಲೆ ಕೂರದೆ ಆಡಲಿ ಎಂದುಕೊಂಡೆ.

ಮೊದಲ ತಿಂಗಳು ಅವನ ಫೋನಿನಲ್ಲಿ ಉತ್ಸಾಹವಿತ್ತು. ಹುಲ್ಲಿನ ಮೈದಾನ, ಬೂಟು ಕಂಪನಿಯದೇ, ಮೀನು ಅಷ್ಟೇನೂ ಕೆಟ್ಟದ್ದಲ್ಲ. ಆಮೇಲೆ ಮಾತು ಕಡಿಮೆಯಾಯಿತು. ಒಂದು ಭಾನುವಾರ ಮಧ್ಯಾಹ್ನ ಫೋನ್ ಮಾಡಿದವನು, “ಇಲ್ಲಿ ಕೀಪರ್‌ಗೆ ಎರಡೂ ಕಣ್ಣ ಅದಾವ ಅಣ್ಣಾ” ಎಂದ.

“ಒಳ್ಳೇದಲ್ವೇನೋ.”

“ನಾ ಚೀರಿದ್ರ ಬೈತಾನ. ನಿನ್ನ ಕೆಲಸಾ ನೀ ನೋಡ್ಕೋ ಅಂತಾನ. ಬಾಯಿ ಮುಚ್ಕೊಂಡ ಆಡಾಕ ಬರವಲ್ದು ನನಗ.”

ನಾನು ನಕ್ಕೆ. ಅವನು ನಗಲಿಲ್ಲ.

“ಅದ ಒಂದ ಅಲ್ಲ. ಕೋಚ್ ದಿನಾ ಕೇಳ್ತಾನ, ಯಾಕ ಯಾವಾಗ್ಲೂ ಎಡಕ್ಕ ಸರೀತಿ, ನಡೂಕ ಬಾಗಲಾ ತಗದ ಇಡ್ತಿ ಅಂತ. ನಾ ಎಲ್ಲಿ ಸರ್ದೆ ಅಂತೇನಿ. ವಿಡಿಯೋ ಹಾಕಿ ತೋರಿಸಿದ್ರು. ಖರೇನ ಸರೀತೇನಿ ಅಣ್ಣಾ. ನನಗ ಗೊತ್ತ ಆಗೂದಿಲ್ಲ, ಕಾಲ ತಾವ ಹೋಗ್ತಾವ. ಬಿಟ್ಟ ಗೋಲ ಎಲ್ಲಾ ನಡೂಕಿಂದನ ಬಂದಾವ.”

ಅಭ್ಯಾಸ ಮಾಡು, ಸರಿ ಹೋಗುತ್ತದೆ ಎಂದೆ. ಅವನು ಅಭ್ಯಾಸ ಮಾಡಿದ. ನೆಲದ ಮೇಲೆ ಸುಣ್ಣದ ಗೆರೆ ಹಾಕಿಕೊಂಡು, ಅದನ್ನು ದಾಟಬಾರದೆಂದು ಒಬ್ಬನೇ ಆಡಿದನಂತೆ. ಆಟ ಜೋರಾದ ಕೂಡಲೇ ದಾಟಿರುತ್ತಿದ್ದ. ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಬೆಂಚಿಗೆ ಹೋದ, ಅದು ಮುಗಿಯುವ ಮುಂಚೆ ಅವನನ್ನು ಬಿಟ್ಟುಬಿಟ್ಟರು. ಬೆಂಗಳೂರಿಗೆ ಬರಲಿಲ್ಲ. ನೇರ ಬೆಳಗಾವಿಗೆ ಹೋಗಿ ಎರಕದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿಯ ತಂಡಗಳೂ ಒಂದೆರಡು ಸಲ ಕರೆದು ನೋಡಿ ಸುಮ್ಮನಾದವು. ನನ್ನ ಕಣ್ಣಿನಲ್ಲಿ ಬಿದ್ದ ಹೂವು ಅವನ ಕಾಲಿಗೂ ಇಳಿದಿತ್ತು. ನನ್ನದಾದರೂ ಕನ್ನಡಿಯಲ್ಲಿ ಕಾಣುತ್ತದೆ.

ನಾನು ಊರ ಕಡೆಗೇ ಬಂದೆ. ಮಹದೇವಪುರದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಹುಲ್ಲಿನ ಮೈದಾನವೊಂದಿದೆ, ಅದನ್ನು ನೋಡಿಕೊಳ್ಳುವ ಕೆಲಸ. ಆಫೀಸಿನವರು ಬಂದು ಆಡಿ, ಬೆವರಿ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಕೀಪರ್ ಬಾರದ ದಿನ “ಅಣ್ಣ, ಸ್ವಲ್ಪ ನಿಂತ್ಕೊಳ್ತೀರಾ?” ಎಂದು ಕೇಳುತ್ತಾರೆ. ಬರಲ್ಲ ಎನ್ನುತ್ತೇನೆ. ನನಗೆ ಆಟ ಬರುವುದಿಲ್ಲವೆಂದೇ ಅವರು ತಿಳಿದಿದ್ದಾರೆ. ಅಣ್ಣನಿಗೆ ಮಾತ್ರ ಖುಷಿ, ಕೊನೆಗೂ ಒಂದು ಕಡೆ ನಿಂತೆನಲ್ಲ ಎಂದು.

ನಾಗಸಂದ್ರಕ್ಕೆ ಮೆಟ್ರೋ ಬಂದ ಮೇಲೆ ಒಂದು ಸಲ ಅವನು ಬೆಂಗಳೂರಿಗೆ ಬಂದ. ತಂಗಿಯ ಗಂಡನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿತ್ತು, ಅವರ ಮನೆ ನೋಡಲು. ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಸಿಕ್ಕಿದೆವು. ಹೊಟ್ಟೆ ಬಂದಿತ್ತು, ಕೂದಲು ಹಿಂದೆ ಸರಿದಿತ್ತು, ಎರಕದ ಶೆಡ್ಡಿನ ಬಿಸಿಗೆ ಮುಖ ಕಪ್ಪಾಗಿತ್ತು. ಬೈಯುತ್ತಾನೇನೋ ಎಂದು ಅಂಜಿಕೆಯಿತ್ತು. ಬೈಯಲಿಲ್ಲ. ನನಗೆ ಕಟ್ಟಿಸಿಕೊಂಡು ಬಂದಿದ್ದ ಕುಂದಾದ ಪೊಟ್ಟಣ ಕೊಟ್ಟ. ಬಾ ಅಣ್ಣಾ, ತಂಗಿ ಚಹಾ ಮಾಡ್ತಾಳ ಎಂದ.

ತುಮಕೂರು ರಸ್ತೆಯ ಪಕ್ಕದಲ್ಲಿ ನಡೆದುಕೊಂಡು ಹೊರಟೆವು. ಲಾರಿಗಳು ಹಾಯುತ್ತಿದ್ದವು. ಅವನು ನನ್ನ ಎಡಕ್ಕೆ ನಡೆಯುತ್ತಿದ್ದ. ನನಗೆ ಅದು ತಡೆಯಲಾಗಲಿಲ್ಲ. ಮಾತಾಡುತ್ತಲೇ ಹೆಜ್ಜೆ ನಿಧಾನ ಮಾಡಿ, ಹಿಂದಿನಿಂದ ಸುತ್ತಿ, ನಾನೇ ಅವನ ಎಡಕ್ಕೆ ಹೋದೆ. ಅವನು ತಂಗಿಯ ಮಗುವಿನ ವಿಷಯ ಹೇಳುತ್ತಿದ್ದ. ಹೇಳುತ್ತ ಹೇಳುತ್ತಲೇ ನಾಲ್ಕು ಹೆಜ್ಜೆಯಲ್ಲಿ ನನ್ನ ಹಿಂದಿನಿಂದ ಬಳಸಿ ಬಂದು ಮತ್ತೆ ಎಡಕ್ಕೆ ಸೇರಿಕೊಂಡ. ಮಾತು ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಇನ್ನೊಮ್ಮೆ ಸರಿದೆ. ಅವನು ಇನ್ನೊಮ್ಮೆ ಬಂದ. ನಾನು ರಸ್ತೆಯ ಪಕ್ಕದಲ್ಲೇ ನಿಂತುಬಿಟ್ಟೆ.

“ಸಾಕು ಕಣೋ” ಎಂದೆ. “ಈಗ ನಾನು ಗೋಲಲ್ಲಿ ಇಲ್ಲ. ಆ ಕಡೆ ನಡಿ.”

ಅವನು ನನ್ನ ಮುಖ ನೋಡಿದ, ತನ್ನ ಕಾಲು ನೋಡಿಕೊಂಡ, ರಸ್ತೆ ನೋಡಿದ.

“ಎಲ್ಲಿ ನಡೀಲಿ ಅಣ್ಣಾ? ನಾ ನಡೂಕನ ಅದೀನಲ್ಲ” ಎಂದ.